ನೀರೆತ್ತುವ ಪಂಪ್‌ಗಳ ಓವರ್‌ಹಾಲ್ ಕುರಿತು ಮರಳಿ ಹೋಬಳಿ ರೈತರ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಪ್ಪಳ ಜಿಲ್ಲೆ, ಕೊಪ್ಪಳ.

ಇವರಿಂದ,
ಮರಳಿ ಹೋಬಳಿಯ ರೈತರು ಮತ್ತು ಗ್ರಾಮಸ್ಥರು,
ಗಂಗಾವತಿ ತಾಲೂಕು.

ವಿಷಯ: ಏತ ನೀರಾವರಿ ಹಾಗೂ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ದೊಡ್ಡ ಪಂಪ್‌ಗಳನ್ನು ಕೆಡುವ ಮೊದಲೇ ಬಿಚ್ಚಿ ಓವರ್‌ಹಾಲ್ ಮಾಡಿಸುವ ಕುರಿತು.

ಮಾನ್ಯರೇ,

ನಮ್ಮ ಹೋಬಳಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಾನಾಗಿ ಹರಿದು ಬರುತ್ತದೆ. ಜಿಲ್ಲೆಯ ಎಲ್ಲರಿಗೂ ಆ ಅನುಕೂಲವಿಲ್ಲ. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳ್ಳಿಗಳಿಗೆ ಕೃಷ್ಣೆಯ ನೀರನ್ನು ಪಂಪ್ ಮಾಡಿಯೇ ತರಬೇಕು. ಹಮ್ಮಿಗಿ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಯ ನೀರು ಕೊಪ್ಪಳ ತಾಲೂಕಿನ ಹೊಲ ಮುಟ್ಟಬೇಕಾದರೂ ಪಂಪ್ ಓಡಲೇಬೇಕು.

ಕಾಲುವೆ ನೀರು ಉಣ್ಣುವ ನಾವು ಈ ಮನವಿ ಸಲ್ಲಿಸಲು ಕಾರಣವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್ ಲಾಗ್ ಕೂರಿಸುವ ತನಕ ಸುಮಾರು ಒಂದು ವಾರ, ತುಂಬಿದ ಜಲಾಶಯದ ನೀರು ನದಿಪಾಲಾಗುವುದನ್ನು ನೋಡುತ್ತ ಕುಳಿತೆವು. ತಜ್ಞರು, ಕಾರ್ಮಿಕರು ಹಗಲಿರುಳು ದುಡಿದು ಬೆಳೆ ಉಳಿಸಿಕೊಟ್ಟ ಉಪಕಾರವನ್ನು ನಾವು ಮರೆತಿಲ್ಲ. ಯಂತ್ರದ ಸಣ್ಣ ಭಾಗವೊಂದು ಸವೆದರೆ ಲಕ್ಷಾಂತರ ಎಕರೆಯ ಬೆಳೆ ಅಪಾಯಕ್ಕೆ ಸಿಲುಕುತ್ತದೆ ಎಂಬುದನ್ನು ಆ ವಾರ ಕಣ್ಣಾರೆ ಕಂಡೆವು. ಅದೇ ಗತಿ ಪಂಪ್‌ಗಳಿಗೆ ಬರಬಾರದು.

ಪಂಪ್ ಒಂದೇ ದಿನಕ್ಕೆ ಕೆಡುವುದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಬರುವ ಮರಳು ನೀರು ತಳ್ಳುವ ಚಕ್ರವಾದ ಇಂಪೆಲ್ಲರನ್ನೂ ಅದರ ಸುತ್ತಲಿನ ವೇರ್ ರಿಂಗನ್ನೂ ತಿನ್ನುತ್ತದೆ. ರಿಂಗಿನ ಸಂದು ದೊಡ್ಡದಾದಂತೆ, ಮೇಲೆತ್ತಿದ ನೀರಿನಲ್ಲಿ ಒಂದು ಪಾಲು ಒಳಗೊಳಗೇ ಹಿಂದಕ್ಕೆ ಸುತ್ತುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ, ಕರೆಂಟ್ ಬಿಲ್ ಬರುತ್ತಲೇ ಇರುತ್ತದೆ, ಕೊನೆಯ ಊರಿನ ಟ್ಯಾಂಕ್ ಮಾತ್ರ ತುಂಬುವುದಿಲ್ಲ. ಬುಷ್ ಬೇರಿಂಗ್ ಸವೆದರೆ ಶಾಫ್ಟ್ ಅದುರುತ್ತದೆ. ಅದುರುವ ಶಾಫ್ಟಿಗೆ ಗ್ಲ್ಯಾಂಡ್ ಹಗ್ಗ ಎಷ್ಟು ಬಿಗಿದರೂ ಸೋರಿಕೆ ನಿಲ್ಲದು. ಅತಿಯಾಗಿ ಬಿಗಿದರೆ ಸ್ಲೀವ್ ಕಾದು ಗೀರು ಬೀಳುತ್ತದೆ. ಇಷ್ಟೆಲ್ಲ ಮುನ್ಸೂಚನೆ ಕೊಟ್ಟ ಮೇಲೆಯೇ ಪಂಪ್ ನಿಲ್ಲುತ್ತದೆ. ಆಗ ಬಿಡಿಭಾಗಕ್ಕೆ ಟೆಂಡರ್ ಕರೆಯುತ್ತ ಕೂತರೆ, ಕೊಡ ಹಿಡಿದು ಮೈಲಿಗಟ್ಟಲೆ ನಡೆಯುವವರು ನಮ್ಮ ಹೆಣ್ಣುಮಕ್ಕಳು.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು:

1. ಪ್ರತಿ ಪಂಪ್ ಓಡಿದ ಗಂಟೆಗಳನ್ನು ದಾಖಲಿಸಬೇಕು. ತಯಾರಕರು ಹೇಳಿದ ಗಂಟೆ ಮುಗಿದೊಡನೆ, ಅಥವಾ ಅದುರುವಿಕೆ ಹೆಚ್ಚಿದೊಡನೆ, ಓವರ್‌ಹಾಲ್‌ಗೆ ತೆಗೆದುಕೊಳ್ಳಬೇಕು.

2. ನೀರಾವರಿ ಪಂಪ್‌ಗಳ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು. ಕುಡಿಯುವ ನೀರಿನ ಪಂಪ್‌ಗಳನ್ನು ಬೇಸಿಗೆಗೆ ಮೊದಲು, ಸ್ಟ್ಯಾಂಡ್‌ಬೈ ಪಂಪ್ ಸುಸ್ಥಿತಿಯಲ್ಲಿದೆ ಎಂದು ಖಚಿತಪಡಿಸಿಕೊಂಡು, ಒಂದೊಂದಾಗಿ ಬಿಚ್ಚಬೇಕು.

3. ಇಂಪೆಲ್ಲರ್, ವೇರ್ ರಿಂಗ್, ಬುಷ್, ಸ್ಲೀವ್‌ಗಳ ಒಂದು ಸೆಟ್ ಪಂಪ್‌ಹೌಸಿನಲ್ಲೇ ಇರಬೇಕು. ಪಂಪ್ ಎತ್ತುವ ಕ್ರೇನಿನ ಸುರಕ್ಷತಾ ತಪಾಸಣೆಯೂ ಆಗಬೇಕು.

4. ಬಣ್ಣ ಬಳಿದು ಬಿಲ್ ಮಾಡುವುದನ್ನು ಓವರ್‌ಹಾಲ್ ಎಂದು ಒಪ್ಪಬಾರದು. ಶಾಫ್ಟ್ ನೇರವಿದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಿ, ಇಂಪೆಲ್ಲರ್ ಬ್ಯಾಲೆನ್ಸ್ ಮಾಡಿಸಿ, ಮೋಟಾರಿನೊಂದಿಗೆ ಅಲೈನ್‌ಮೆಂಟ್ ಸರಿಪಡಿಸಬೇಕು. ಕೆಲಸಕ್ಕೆ ಮುಂಚೆ ಮತ್ತು ನಂತರ ಪಂಪ್ ಎಷ್ಟು ನೀರೆತ್ತಿತು, ಎಷ್ಟು ವಿದ್ಯುತ್ ತಿಂದಿತು ಎಂಬ ಅಳತೆ ನೋಡಿಯೇ ಗುತ್ತಿಗೆದಾರರಿಗೆ ಹಣ ಪಾವತಿಸಬೇಕು.

5. ವಿದ್ಯುತ್ ಹಠಾತ್ ಹೋದಾಗ ಏರು ಕೊಳವೆಯ ನೀರು ಹಿಂದಕ್ಕೆ ನುಗ್ಗಿ ಪಂಪಿಗೆ, ಪೈಪಿಗೆ ಹೊಡೆತ ಕೊಡುತ್ತದೆ. ನಾನ್ ರಿಟರ್ನ್ ವಾಲ್ವ್‌ಗಳ ತಪಾಸಣೆಯನ್ನು ಇದೇ ಕಾಮಗಾರಿಯಲ್ಲಿ ಸೇರಿಸಬೇಕು. ವಿದ್ಯುತ್ ಪೂರೈಸುವ ಜೆಸ್ಕಾಂನೊಂದಿಗೆ ಸಮನ್ವಯ ಇರಬೇಕು.

6. ಜಿಲ್ಲೆಯ ಐಟಿಐ ಕಲಿತ ಯುವಕ ಯುವತಿಯರಿಗೆ ಈ ಕೆಲಸದಲ್ಲಿ ತರಬೇತಿ ಕೊಟ್ಟು, ಪಂಪ್‌ಹೌಸ್‌ಗಳಲ್ಲಿ ಅವರಿಗೇ ಆದ್ಯತೆ ನೀಡಬೇಕು. ಪಂಪಿನ ಸದ್ದು ಬದಲಾದುದನ್ನು ಮೊದಲು ಗುರುತಿಸುವವರು ದಿನವೂ ಅದರ ಪಕ್ಕದಲ್ಲಿರುವವರು. ಅವರ ಸಂಬಳ ತಡವಾಗಬಾರದು.

7. ಯಾವ ಪಂಪ್ ಯಾವಾಗ ದುರಸ್ತಿಯಾಯಿತು ಎಂಬ ವಿವರವನ್ನು ಫಲಾನುಭವಿ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಪ್ರಕಟಿಸಬೇಕು.

ಹೊಸ ಯೋಜನೆಗೆ ಶಂಕುಸ್ಥಾಪನೆ ಆಗುವಾಗ ಇರುವ ಉತ್ಸಾಹ, ಇರುವ ಯಂತ್ರವನ್ನು ಕಾಪಾಡುವಾಗಲೂ ಇರಲಿ ಎಂಬುದು ನಮ್ಮ ಕಳಕಳಿಯ ವಿನಂತಿ. ನಿರ್ವಹಣೆಗೆ ಪ್ರತ್ಯೇಕ ಅನುದಾನ ಕಾಯ್ದಿರಿಸುವಂತೆ ತಾವು ಸರ್ಕಾರಕ್ಕೆ ಪ್ರಸ್ತಾವ ಕಳುಹಿಸಬೇಕು. ಸಂಬಂಧಿಸಿದ ಇಲಾಖೆಗಳ ಅಧಿಕಾರಿಗಳು ಮತ್ತು ರೈತರ ಜಂಟಿ ಸಭೆಯನ್ನು 15 ದಿನಗಳೊಳಗೆ ಕರೆದು, ಪಂಪ್‌ವಾರು ವೇಳಾಪಟ್ಟಿಯನ್ನು ಅಲ್ಲಿಯೇ ನಿಗದಿಪಡಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಮರಳಿ ಹೋಬಳಿಯ ರೈತರು ಮತ್ತು ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಮರಳಿ

ಪ್ರತಿ, ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ:
ಮುಖ್ಯ ಇಂಜಿನಿಯರ್, ಕರ್ನಾಟಕ ನೀರಾವರಿ ನಿಗಮ, ಮುನಿರಾಬಾದ್.
ಕಾರ್ಯಪಾಲಕ ಇಂಜಿನಿಯರ್, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ಕೊಪ್ಪಳ.