ಪಾರ್ಸೆಲ್ಲಿಗೂ ಭಕ್ಷೀಸೆ?

ಹೋಟೆಲಿನಲ್ಲಿ ಕೂತು ತಿಂದವನು ಮಾಣಿಗೆ ಐದೋ ಹತ್ತೋ ಇಟ್ಟು ಏಳುವುದು ಹಳೆಯ ರೂಢಿ. ಗಲ್ಲಾದ ಮುಂದೆ ನಿಂತು ಇಡ್ಲಿ ಕಟ್ಟಿಸಿಕೊಂಡು ಹೋಗುವವನೂ ಕೊಡಬೇಕೆ?

ಕೊಡಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಕೂತು ತಿಂದ ಬಿಲ್ಲಿಗೇ ಸೇವಾಶುಲ್ಕವನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಾಲೀಕರ ಸಂಘಗಳ ವಾದವೇನು? ಆ ಹಣ ಕೆಲಸಗಾರರಿಗಂತೆ! ಅಷ್ಟು ಮರುಕವಿದ್ದರೆ ಸಂಬಳವನ್ನೇ ಏರಿಸಲಿ, ಬೇಡವೆಂದವರಾರು?

ಅಮೆರಿಕವನ್ನು ನೋಡಿ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರು. ಆದರೆ ಭಕ್ಷೀಸು ಸಿಗುವ ನೌಕರನಿಗೆ ಮಾಲೀಕ 2.13 ಡಾಲರು ಕೊಟ್ಟು, ಮಿಕ್ಕದ್ದನ್ನು ಗಿರಾಕಿಯ ಭಕ್ಷೀಸಿನಿಂದಲೇ ಭರ್ತಿಮಾಡಬಹುದು. ಆ 2.13 ಏರದೆ ನಿಂತಿರುವುದು 1991ರಿಂದ! ಭಕ್ಷೀಸು ಕೂಲಿಯ ಜಾಗದಲ್ಲಿ ಕೂತರೆ ಆಗುವುದು ಇದೇ.

ಹಾಗೆಂದು ಕೈ ಬಿಗಿಹಿಡಿಯಿರೆಂದು ನಾವು ಹೇಳುವುದಿಲ್ಲ. ಮದುವೆ ಮನೆಗೆಂದು ಇಪ್ಪತ್ತು ಊಟ ಕಟ್ಟಿಸಿದಿರಿ. ಸಾರು ಬೇರೆ, ಪಲ್ಯ ಬೇರೆ ಕಟ್ಟಿ ಗಾಡಿಯವರೆಗೆ ಹೊತ್ತು ತಂದ ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಡುವುದು ಮನುಷ್ಯಧರ್ಮ. ಅವನ ಕೈಗೇ ಕೊಡಿ, ಗಲ್ಲಾದ ಡಬ್ಬಿಗಲ್ಲ. ಡಬ್ಬಿಯ ದುಡ್ಡು ಒಳಗೆ ಪಾತ್ರೆ ತಿಕ್ಕುವವಳಿಗೆ ಮುಟ್ಟುವುದನ್ನು ಗಿರಾಕಿಯಾರೂ ಕಂಡಿಲ್ಲ. ಎರಡು ಇಡ್ಲಿಯ ಪೊಟ್ಟಣಕ್ಕೆ ಏನೂ ಬೇಡ.