ದಾನದ ಯಂತ್ರ, ರಿಪೇರಿಯ ಹೊಣೆ

ಉಗಾಂಡಾದ ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಯ ಕೋಬಾಲ್ಟ್-60 ಯಂತ್ರ 2016ರಲ್ಲಿ ಮತ್ತೆ ರಿಪೇರಿ ಮಾಡಲಾಗದಂತೆ ಕೆಟ್ಟು ನಿಂತಿತು. 1995ರಲ್ಲಿ ಅಳವಡಿಸಿದ್ದ ಆ ಯಂತ್ರ, ಸುಮಾರು ನಾಲ್ಕು ಕೋಟಿ ಜನರಿರುವ ದೇಶಕ್ಕೆ ಇದ್ದ ಒಂದೇ ಒಂದು ವಿಕಿರಣ ಚಿಕಿತ್ಸಾ ಯಂತ್ರ. ಅಲ್ಲಿನ ಹೆಂಗಸರನ್ನು ಅತಿ ಹೆಚ್ಚು ಕಾಡುವುದು ಗರ್ಭಕೊರಳಿನ ಕ್ಯಾನ್ಸರ್. ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬರುವ ಅಂಥವರಿಗೆ ವಿಕಿರಣವೇ ಮುಖ್ಯ ಚಿಕಿತ್ಸೆ. ನೈರೋಬಿಯ ಆಗಾ ಖಾನ್ ಆಸ್ಪತ್ರೆ 400 ಮಂದಿಗೆ ಉಚಿತ ಚಿಕಿತ್ಸೆ ಕೊಡಲು ಮುಂದೆ ಬಂತು. ಉಳಿದವರಲ್ಲಿ ಕೈಯಲ್ಲಿ ಕಾಸಿದ್ದವರು ಗಡಿ ದಾಟಿದರು, ಇಲ್ಲದವರು ಕಾದರು. ಹೊಸ ಯಂತ್ರದ ಉದ್ಘಾಟನೆಯಾದದ್ದು 2018ರ ಜನವರಿಯಲ್ಲಿ. ಕ್ಯಾನ್ಸರ್ ರೋಗಿಯ ಲೆಕ್ಕದಲ್ಲಿ ಎರಡು ವರ್ಷ ಎಂದರೆ ಕಾಯುವ ಅವಧಿಯಲ್ಲ, ಒಂದು ಆಯುಷ್ಯ.

ವಿದೇಶಿ ನೆರವಿಗೆ ಹೊಸದಾಗಿ ತೆರೆದುಕೊಂಡ ದೇಶದಲ್ಲಿ ಹೀಗಾಗಿದ್ದರೆ ಮಾತು ಬೇರೆ. ಕ್ಯಾನ್ಸರ್ ವಿಷಯದಲ್ಲಿ ಉಗಾಂಡಾದಷ್ಟು ಹಳೆಯ ಅಂತರರಾಷ್ಟ್ರೀಯ ನಂಟು ಆಫ್ರಿಕಾದಲ್ಲಿ ಅಪರೂಪ. ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮಕ್ಕಳ ದವಡೆಯಲ್ಲಿ ಬೆಳೆಯುವ ಗಡ್ಡೆಯ ಬಗ್ಗೆ 1958ರಲ್ಲಿ ಬರೆದದ್ದು ಕಂಪಾಲಾದಲ್ಲಿ ಕೆಲಸ ಮಾಡುತ್ತಿದ್ದಾಗ. ಅದೇ ಇಂದಿನ ಬರ್ಕಿಟ್ ಲಿಂಫೋಮಾ. 1967ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕೈಜೋಡಣೆಯಲ್ಲಿ ಅಲ್ಲಿ ಚಿಕಿತ್ಸಾ ಕೇಂದ್ರ ಶುರುವಾಯಿತು. ಉಗಾಂಡಾ ಕ್ಯಾನ್ಸರ್ ಸಂಸ್ಥೆಯ ಬೇರು ಅಲ್ಲಿದೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕಿಮೋಥೆರಪಿಯ ಬಗ್ಗೆ ಜಗತ್ತು ಕಲಿತ ಆರಂಭದ ಪಾಠಗಳಲ್ಲಿ ಕೆಲವು ಆ ವಾರ್ಡುಗಳಿಂದ ಹೋದವು. ಇದಿ ಅಮೀನನ ಆಡಳಿತ ಬಂದ ಮೇಲೆ, 1972ರಲ್ಲಿ, ನಿರ್ದೇಶಕ ಜಾನ್ ಜೀಗ್ಲರ್ ಅಮೆರಿಕಕ್ಕೆ ಮರಳಿದರು. ಸಂಸ್ಥೆ ಮುಚ್ಚಲಿಲ್ಲ, ಏಕೆಂದರೆ ಹೊಣೆ ಹೊರಲು ಉಗಾಂಡಾದವರೇ ಆದ ಚಾರ್ಲ್ಸ್ ಒಲ್ವೆನಿ ಇದ್ದರು. ಆದರೆ ಅವರ ಹಿಂದೆ ಒಂದು ಪಡೆ ಬೆಳೆಯಲಿಲ್ಲ. 2004ರಲ್ಲಿ ಸಿಯಾಟಲ್‌ನ ಫ್ರೆಡ್ ಹಚ್ ಕೇಂದ್ರ ಅಲ್ಲಿ ಕೆಲಸ ಆರಂಭಿಸಿದಾಗ ಇಡೀ ದೇಶಕ್ಕೆ ಇದ್ದ ಕ್ಯಾನ್ಸರ್ ತಜ್ಞರು ಜಾಕ್ಸನ್ ಓರೆಮ್ ಒಬ್ಬರೇ. ಆ ಸಹಭಾಗಿತ್ವ ವೈದ್ಯರಿಗೆ ತರಬೇತಿ ಕೊಟ್ಟಿತು, 2015ರಲ್ಲಿ ಹೊಸ ಕಟ್ಟಡ ಕಟ್ಟಿಸಿಕೊಟ್ಟಿತು. ಮರುವರ್ಷವೇ ವಿಕಿರಣ ಯಂತ್ರ ನಿಂತಿತು. ಬದಲಿ ಯಂತ್ರದ ಯೋಜನೆ ಇತ್ತು. ಅದನ್ನು ಇಡಲು ದಪ್ಪ ಗೋಡೆಯ ಬಂಕರ್ ಸಿದ್ಧವಿರಲಿಲ್ಲ.

ಇಂಥ ಸೋಲುಗಳ ಮೂಲ ಸಹಭಾಗಿತ್ವ ಎಂಬ ಪದದ ಬಳಕೆಯಲ್ಲೇ ಇದೆ. ಕೊಡುವ ದೇಶಕ್ಕೆ ಉದ್ಘಾಟನೆಯ ದಿನ ಬೇಕು, ಪಡೆಯುವ ಸರ್ಕಾರಕ್ಕೂ ಅದೇ ಬೇಕು. ಬಿಡಿಭಾಗ ಕೊಳ್ಳುವ ಹತ್ತನೇ ವರ್ಷದ ಬಜೆಟ್ ಇಬ್ಬರಿಗೂ ಬೇಡ. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ವಿಕಿರಣ ಬೇಕಾಗುತ್ತದೆ. ಅದನ್ನು ಕೊಡಲು ವೈದ್ಯರಿದ್ದರೆ ಸಾಲದು. ಡೋಸ್ ಲೆಕ್ಕ ಹಾಕುವ ಭೌತವಿಜ್ಞಾನಿ, ಯಂತ್ರ ನಡೆಸುವ ತಂತ್ರಜ್ಞ, ರಿಪೇರಿಯ ಎಂಜಿನಿಯರ್, ಗಡ್ಡೆ ಯಾವುದೆಂದು ಹೇಳುವ ಪೆಥಾಲಜಿಸ್ಟ್ ಎಲ್ಲರೂ ಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2004ರಲ್ಲಿ ಕ್ಯಾನ್ಸರ್ ಚಿಕಿತ್ಸೆಗಾಗಿಯೇ ಒಂದು ಕಾರ್ಯಕ್ರಮ ತೆರೆಯಿತು. ಮರುವರ್ಷ ಬಂದ ನೊಬೆಲ್ ಶಾಂತಿ ಪ್ರಶಸ್ತಿಯ ತನ್ನ ಪಾಲನ್ನೂ ಕ್ಯಾನ್ಸರ್ ಮತ್ತು ಪೌಷ್ಟಿಕತೆಯ ತರಬೇತಿಗೆ ಮೀಸಲಿಟ್ಟಿತು. ಒಳ್ಳೆಯ ಕೆಲಸವೇ. ಆದರೂ 2022ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆ 'ರೇಯ್ಸ್ ಆಫ್ ಹೋಪ್' ಎಂಬ ಮತ್ತೊಂದು ಯೋಜನೆ ಆರಂಭಿಸಿದಾಗ ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ಒಂದೂ ವಿಕಿರಣ ಯಂತ್ರ ಇರಲಿಲ್ಲ.

ಯಾವ ಯಂತ್ರ ಕೊಡಬೇಕು ಎಂಬ ಜಗಳ ಇದಕ್ಕೆ ಸೇರಿಕೊಂಡಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ವಿಕಿರಣ ಮೂಲಗಳು ಭಯೋತ್ಪಾದಕರ ಕೈಗೆ ಸಿಕ್ಕಾವು ಎಂಬ ಆತಂಕದಿಂದ, ಕೋಬಾಲ್ಟ್ ಬಿಟ್ಟು, ವಿಕಿರಣ ಮೂಲವಿಲ್ಲದೆ ವಿದ್ಯುತ್ತಿನಿಂದ ನಡೆಯುವ ಲಿನ್ಯಾಕ್‌ಗೆ ಹೋಗಿ ಎಂಬ ಒತ್ತಾಯ ಅಮೆರಿಕದ ಕಡೆಯಿಂದ ಬಲವಾಯಿತು. ಆತಂಕ ಸುಳ್ಳಲ್ಲ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಗುಜರಿಗೆ ಹೋದ ಸೀಸಿಯಂ ಯಂತ್ರ ನಾಲ್ವರ ಜೀವ ತೆಗೆಯಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ವಿಶ್ವವಿದ್ಯಾಲಯವೊಂದರ ಹಳೆಯ ಕೋಬಾಲ್ಟ್ ಉಪಕರಣದಿಂದ ಒಬ್ಬ ಕಾರ್ಮಿಕ ಸತ್ತ. ಆದರೆ ಲಿನ್ಯಾಕ್‌ಗೆ ಏರಿಳಿತವಿಲ್ಲದ ವಿದ್ಯುತ್, ತಂಪು ನೀರಿನ ವ್ಯವಸ್ಥೆ, ಕರೆದಾಗ ಬರುವ ಎಂಜಿನಿಯರ್ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಅದು ಕೆಲಸ ಮಾಡುವುದಕ್ಕಿಂತ ನಿಂತಿರುವುದೇ ಹೆಚ್ಚಾದೀತು. ಕೋಬಾಲ್ಟ್ ಯಂತ್ರ ಸರಳ. ಅದರ ಕಷ್ಟ ಬೇರೆ: ಮೂಲದ ಶಕ್ತಿ ಸುಮಾರು 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಐದಾರು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಒಬ್ಬ ರೋಗಿಗೆ ಹಿಡಿಯುವ ಸಮಯ ಹೆಚ್ಚುತ್ತಾ ಸಾಲು ಬೆಳೆಯುತ್ತದೆ. ತನ್ನ ಭದ್ರತೆಗಾಗಿ ಬಡ ದೇಶದ ಕೋಬಾಲ್ಟ್ ಹೊರಗೆ ಹೋಗಲಿ ಎನ್ನುವ ದೇಶ, ಬದಲಿ ಲಿನ್ಯಾಕ್‌ನ ಹತ್ತು ವರ್ಷದ ನಿರ್ವಹಣೆಯ ಖರ್ಚನ್ನೂ ಹೊರಬೇಕು. ಅದನ್ನು ಬಿಟ್ಟು ಬರೀ ಬುದ್ಧಿಮಾತು ಹೇಳುವುದು ಅನ್ಯಾಯ.

ಈ ವಿಷಯದಲ್ಲಿ ಭಾರತಕ್ಕೂ, ಬೆಂಗಳೂರಿಗೂ ಪಾತ್ರವಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ 'ಭಾಭಾಟ್ರಾನ್' ಕೋಬಾಲ್ಟ್ ಯಂತ್ರವನ್ನು ತಯಾರಿಸುವುದು ಬೆಂಗಳೂರಿನ ಪನೇಸಿಯಾ ಕಂಪನಿ. ಭಾರತ ಅದನ್ನು ವಿಯೆಟ್ನಾಂಗೆ ಕೊಟ್ಟಿತು. ಕೀನ್ಯಾದ ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆಗೆ ಕೊಡುವುದಾಗಿ 2016ರಲ್ಲಿ ಘೋಷಿಸಿತು. ಬಿಸಿಲು, ಧೂಳು, ಕೈಕೊಡುವ ಕರೆಂಟ್ ಬಲ್ಲ ದೇಶ ಮಾಡಿದ ಯಂತ್ರ ಅಂಥದ್ದೇ ದೇಶಕ್ಕೆ ಹೋಗುವುದು ಸರಿಯಾದ ದಾರಿ. ಅದೇ ಕೀನ್ಯಾ, ಉಗಾಂಡಾಗಳಿಂದ ರೋಗಿಗಳು ಭಾರತದ ಖಾಸಗಿ ಆಸ್ಪತ್ರೆಗಳಿಗೆ ವಿಮಾನ ಹತ್ತಿ ಬರುತ್ತಿದ್ದಾರೆ ಎಂಬುದನ್ನೂ ಜೊತೆಗೇ ಹೇಳಬೇಕು. ಆ ಊರುಗಳಲ್ಲಿ ಚಿಕಿತ್ಸೆ ಸಿಗದಿದ್ದರೆ ಇಲ್ಲಿನ ವ್ಯಾಪಾರಕ್ಕೆ ಲಾಭ. ಒಂದು ಕೈಯಲ್ಲಿ ಯಂತ್ರ ಕೊಟ್ಟು ಇನ್ನೊಂದು ಕೈಯಲ್ಲಿ ರೋಗಿಗಳನ್ನು ಸೆಳೆಯುವ ದೇಶ, ಅಲ್ಲಿನ ಭೌತವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಮುಂಬೈಯ ಟಾಟಾ, ಬೆಂಗಳೂರಿನ ಕಿದ್ವಾಯಿಯಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಹೆಚ್ಚು ಸೀಟು ತೆಗೆದಿಡಬೇಕು.

ಗೆದ್ದ ಕೆಲಸಗಳೂ ಇವೆ. ವೈದ್ಯೆ ಆನ್ ಮೆರಿಮನ್ 1993ರಲ್ಲಿ ಕಂಪಾಲಾದಲ್ಲಿ ಹಾಸ್ಪೈಸ್ ಆಫ್ರಿಕಾ ಕಟ್ಟಿದಾಗ ರೋಗಿಗಳ ನೋವು ತಗ್ಗಿಸಲು ನೆಚ್ಚಿಕೊಂಡದ್ದು ಮಾರ್ಫಿನ್ ಪುಡಿ ಮತ್ತು ನೀರು. ತರಬೇತಾದ ನರ್ಸುಗಳೂ ಮಾರ್ಫಿನ್ ಬರೆದುಕೊಡಲು ಉಗಾಂಡಾ 2004ರಲ್ಲಿ ಕಾನೂನು ಬದಲಿಸಿತು; ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತದೆ. ಮಾರ್ಫಿನ್ನಿನ ಮೂಲವಾದ ಅಫೀಮು ಬೆಳೆಯುವ ಭಾರತ ತನ್ನ 1985ರ ಮಾದಕವಸ್ತು ಕಾನೂನಿನ ಬಿಗಿ ಸಡಿಲಿಸಲು 2014ರವರೆಗೆ ಕಾಯಿತು. ಈ ಪಾಠ ಉಗಾಂಡಾದಿಂದ ಇಲ್ಲಿಗೆ ಬರಬೇಕಾದದ್ದು. ರುವಾಂಡಾ 2011ರಲ್ಲಿ ಮರ್ಕ್ ಕಂಪನಿ ದಾನ ಕೊಟ್ಟ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಮೊದಲ ವರ್ಷವೇ ಗುರಿಯಿಟ್ಟ ಹುಡುಗಿಯರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಗೆ ತಲುಪಿಸಿತು. ದಾನ ಹೊರಗಿನದು, ಶಾಲೆಯ ಪಟ್ಟಿ ಹಿಡಿದು ಹಳ್ಳಿ ಹಳ್ಳಿಗೆ ಹೋದವರು ಅಲ್ಲಿಯವರೇ.

ಹಾಗಾಗಿ ಯಂತ್ರ ಹಡಗು ಹತ್ತುವ ಮೊದಲೇ ಕೆಲವು ಸಂಗತಿ ಒಪ್ಪಂದದಲ್ಲಿ ಬರೆದಿರಬೇಕು. ಬಂಕರ್ ಸರ್ಕಾರ ಕಟ್ಟಿ ಮುಗಿಸಿರಬೇಕು. ಯಂತ್ರ ನಡೆಸುವವರು ತರಬೇತಿ ಮುಗಿಸಿ ಊರಿಗೆ ಮರಳಿರಬೇಕು, ಅವರ ಸಂಬಳ ದೇಶದ ಸ್ವಂತ ಬಜೆಟ್‌ನಲ್ಲಿರಬೇಕು. ಬಿಡಿಭಾಗದ ಹಣ ಬೇರೆ ಖಾತೆಯಲ್ಲಿರಬೇಕು. ಕೋಬಾಲ್ಟ್ ಕೊಟ್ಟವರು ಕಾವು ಕಳೆದುಕೊಂಡ ಹಳೆಯ ಮೂಲವನ್ನು ತಾವೇ ವಾಪಸು ಒಯ್ಯುವ ವರ್ಷವನ್ನೂ ಅದೇ ಕಾಗದದಲ್ಲಿ ನಮೂದಿಸಬೇಕು.