ಊಹೆಗೂ ಇಂಗ್ಲಿಷಿನ ಸಾಲವೇ?



‘ಗೆಸ್ ಮಾಡು ನೋಡೋಣ’, ‘ಮೋಸ್ಟ್‌ಲಿ ಬರ್ತಾನೆ’ – ದಿನಕ್ಕೆ ಎಷ್ಟು ಸಲ ಈ ಮಾತು ನಿಮ್ಮ ಬಾಯಲ್ಲಿ ಬರುತ್ತದೆ? ಇದಕ್ಕೆ ಕನ್ನಡದಲ್ಲಿ ಪದವಿಲ್ಲವೇ? ಒಂದಲ್ಲ, ಬೇಕಾದಷ್ಟಿವೆ. ಒಂದೊಂದಕ್ಕೂ ಒಂದೊಂದು ತೂಕವಿದೆ.

ಕೈಯಲ್ಲಿ ಲೆಕ್ಕವಿಲ್ಲದೆ ಮನಸ್ಸಿಗೆ ಹೊಳೆದದ್ದು ಊಹೆ. ಅದು ಬಾಯಿಂದ ಬಾಯಿಗೆ ಹಬ್ಬಿದರೆ ಊಹಾಪೋಹ. ಲೆಕ್ಕ ಹಿಡಿದು ಹೇಳಿದ್ದು ಅಂದಾಜು. ಪಾರಸಿಯಿಂದ ಬಂದು ಎಂದೋ ನಮ್ಮದಾದ ಪದ. ಲೆಕ್ಕ ಒರಟಾಗಿದ್ದರೆ ಉತ್ತರ ಕರ್ನಾಟಕದಲ್ಲಿ ಅದು ಅಡಸಟ್ಟೆ. ನನ್ನ ಪ್ರೆಸ್ಸಿಗೆ ಬಂದವರು ‘ಸಾವಿರ ಕರಪತ್ರಕ್ಕೆ ಎಷ್ಟಾದೀತು?’ ಎಂದರೆ ಕಾಗದ, ಶಾಯಿ, ಕೂಲಿ, ಹಾಳಾಗುವ ಹಾಳೆ ಎಲ್ಲ ಕೂಡಿಸಿ ಅಂದಾಜು ಕೊಡಬೇಕು. ಊಹೆ ಕೊಟ್ಟರೆ ಅಂಗಡಿ ಮುಚ್ಚಬೇಕಾದೀತು!

‘ಮುಚ್ಚಬೇಕಾದೀತು’ ಎಂದೆನಲ್ಲ, ಗಮನಿಸಿ. ಕನ್ನಡದಲ್ಲಿ ಕ್ರಿಯಾಪದವೇ ಊಹಿಸುತ್ತದೆ. ವ್ಯಾಕರಣದವರು ಇದನ್ನು ಸಂಭಾವನಾರ್ಥಕ ಎನ್ನುತ್ತಾರೆ. ‘ಮಳೆ ಬಂದೀತು’ ಎಂಬುದು ಮೋಡ ನೋಡಿ ಆಡಿದ ಮಾತು. ‘ಮಳೆ ಬಂದಿರಬೇಕು’ ಎಂಬುದು ಒದ್ದೆ ನೆಲ ನೋಡಿ ಆಡಿದ ಮಾತು. ನಿಮ್ಮ ‘ಮೋಸ್ಟ್‌ಲಿ’ಗೆ ಈ ವ್ಯತ್ಯಾಸ ಗೊತ್ತೇ?

ಇದು ಬರೀ ಪದಗಳ ಜಗಳವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ನಮ್ಮ ಮುಕ್ಕುಂದ ಅದೇ ಹೊಳೆಯ ದಂಡೆಯ ಊರು. ಅಂಥ ಹೊತ್ತಿನಲ್ಲಿ ‘ನೀರು ಬರ್ತದಂತೆ’ ಎಂಬ ಊಹಾಪೋಹ ಬೇರೆ, ಇಷ್ಟು ಕ್ಯೂಸೆಕ್ಸ್ ಬಂದೀತು ಎಂಬ ಎಂಜಿನಿಯರುಗಳ ಅಂದಾಜು ಬೇರೆ. ಯಾವುದನ್ನು ನಂಬಿ ದನಕರ ಬಿಚ್ಚಬೇಕು? ಎರಡಕ್ಕೂ ‘ಗೆಸ್’ ಎಂದು ಕೂತರೆ ಜೀವಕ್ಕೇ ಕುತ್ತು.

ಇನ್ನು ಹಿಂದಿಯ ಕಥೆ ಕೇಳಿ. ಸರ್ಕಾರಿ ಹಿಂದಿಯಲ್ಲಿ ಅಂದಾಜು ವೆಚ್ಚಕ್ಕೆ ‘ಅನುಮಾನಿತ್ ಲಾಗತ್’ ಎನ್ನುತ್ತಾರೆ. ಅವರಿಗೆ ಅನುಮಾನ ಎಂದರೆ ಅಂದಾಜು. ಕನ್ನಡಿಗನಿಗೆ ಅನುಮಾನ ಎಂದರೆ ಸಂಶಯ! ನಮ್ಮ ತೆರಿಗೆ ಹಣದ ಲೆಕ್ಕ ನಮಗೆ ತಿಳಿಯುವ ಮಾತಿನಲ್ಲಿರಲಿ ಎಂದು ಕೇಳುವುದು ತಪ್ಪೇ?

ಗೆಳೆಯರೇ, ಗುತ್ತಿಗೆದಾರ, ಅಧಿಕಾರಿ, ಮಂತ್ರಿ ಯಾರೇ ನಿಮ್ಮ ಮುಂದೆ ಅಂಕಿ ಹೇಳಲಿ, ಕನ್ನಡದಲ್ಲೇ ಕೇಳಿ: ‘ಸ್ವಾಮಿ, ಇದು ಊಹೆಯೋ, ಅಂದಾಜೋ?’ ಈ ಪ್ರಶ್ನೆಗೆ ಎರಡು ಪದ ಬೇಕು. ಎರಡೂ ನಮ್ಮಲ್ಲಿವೆ. ಬಳಸಿ!